ನಮ್ಮನೇಲಿ ಇದ್ದವರು ಆಮೇಲೆ ಏನಾದರು?

ಕೇಳುಗರೇ, ನಮಸ್ಕಾರ.

ಎರಡನೇ ಮಹಾಯುದ್ಧದಲ್ಲಿ ಹಿಟ್ಲರನ ನಾಜಿಗಳ ಕೈಯಿಂದ ಬಚಾವಾದ ಯಹೂದಿಗಳು ತಮಗೆ ಆಸರೆ ಕೊಟ್ಟ ಮನೆಯನ್ನು ಹುಡುಕಿಕೊಂಡು ಹೋದ ಕತೆಗಳನ್ನು ಕೇಳಿರುತ್ತೀರಿ. ಆಸರೆ ಕೊಟ್ಟವರೂ ಹುಡುಕಿದ್ದಾರೆ, ಅವರ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಹುಡುಕುತ್ತಿದ್ದಾರೆ. ಅದರ ಬಗ್ಗೆ ಮಾತು ಕಡಿಮೆ. ತಿಂಗಳುಗಟ್ಟಲೆ ಒಂದೇ ಒಲೆಯ ಅಡುಗೆ ಉಂಡವರು ಒಂದು ದಿನ ಹೊರಟುಹೋಗುತ್ತಾರೆ, ಮುಂದೆ ಸುದ್ದಿಯೇ ಇಲ್ಲ. ಏನಾದರೋ ಅಂತ ಜೀವ ಕೇಳದೇ ಇರುತ್ತಾ?

ಅಲ್ಬೇನಿಯಾವನ್ನೇ ತೆಗೆದುಕೊಳ್ಳಿ. ಯುರೋಪಿನಲ್ಲಿ, ಹೆಚ್ಚಿನ ಜನ ಮುಸ್ಲಿಮರಿರುವ ಪುಟ್ಟ ದೇಶ. ಯುದ್ಧಕ್ಕೆ ಮೊದಲು ಅಲ್ಲಿದ್ದ ಯಹೂದಿಗಳು ಸುಮಾರು 200 ಜನ. ಯುದ್ಧ ಮುಗಿದಾಗ ಅದಕ್ಕಿಂತ ಜಾಸ್ತಿ ಜನ ಇದ್ದರು, ಯಾಕೆಂದರೆ ಅಕ್ಕಪಕ್ಕದ ದೇಶಗಳಿಂದ ಓಡಿಬಂದವರನ್ನೂ ಊರವರು ಬಚ್ಚಿಟ್ಟು ಕಾಪಾಡಿದರು.

ಯುಗೊಸ್ಲಾವಿಯಾದ ನೋವಿ ಸಾದ್ ಊರಿನಲ್ಲಿ ಮೋಶೆ ಮಾಂಡಿಲ್ ಅಂತ ಒಬ್ಬ ಫೋಟೋಗ್ರಾಫರ್. ಯುದ್ಧಕ್ಕೆ ಮುಂಚೆ ತನ್ನ ಮಕ್ಕಳಾದ ಗಾವ್ರಾ ಮತ್ತು ಇರೇನಾರನ್ನು ಕ್ರಿಸ್‌ಮಸ್ ಮರದ ಪಕ್ಕ ನಿಲ್ಲಿಸಿ ಒಂದು ಫೋಟೋ ತೆಗೆದಿದ್ದ. ಊರು ಬಿಟ್ಟು ಓಡುವಾಗ ದಾರಿಯಲ್ಲಿ ತಪಾಸಣೆಗೆ ಸಿಕ್ಕಿದರು. ಆಗ ಅದೇ ಫೋಟೋ ತೋರಿಸಿ ನಾವು ಯಹೂದಿಗಳಲ್ಲ ಅಂತ ನಂಬಿಸಿದ. ಕೊನೆಗೆ ಅಲ್ಬೇನಿಯಾ ತಲುಪಿದರು. 1943ರ ಸೆಪ್ಟೆಂಬರ್‌ನಲ್ಲಿ, ಅಲ್ಲಿಯವರೆಗೆ ಅಲ್ಬೇನಿಯಾವನ್ನು ಹಿಡಿದಿಟ್ಟುಕೊಂಡಿದ್ದ ಇಟಲಿ ಶರಣಾಗಿ ಅಲ್ಲಿಗೂ ಜರ್ಮನ್ನರು ಬಂದಾಗ, ರಾಜಧಾನಿ ತಿರಾನಾದ ಒಂದು ಸ್ಟುಡಿಯೋದಲ್ಲಿ ಕೆಲಸ ಕಲಿಯುತ್ತಿದ್ದ ರೆಫಿಕ್ ವೆಸೆಲಿ ಎಂಬ ಹುಡುಗ, ಇನ್ನೂ ಮೀಸೆ ಚಿಗುರುವ ವಯಸ್ಸು, ಇಡೀ ಸಂಸಾರವನ್ನು ಕ್ರುಯಾ ಎಂಬ ಬೆಟ್ಟದೂರಿನ ತನ್ನ ಅಪ್ಪ ಅಮ್ಮನ ಮನೆಗೆ ಕರೆದೊಯ್ದ. ನಡೆದದ್ದು ರಾತ್ರಿ, ಅಡಗಿದ್ದು ಹಗಲು. ದೊಡ್ಡವರಿಬ್ಬರೂ ಕೊಟ್ಟಿಗೆಯ ಮೇಲಿನ ಕೋಣೆಯಲ್ಲಿ ಅಡಗಿಕೊಂಡರು. ಮಕ್ಕಳು ಮಾತ್ರ ಮನೆಯ ಮಕ್ಕಳ ಜತೆ ಬೆರೆತು ಬಯಲಲ್ಲೇ ಆಡಿಕೊಂಡಿದ್ದರು.

ಯುದ್ಧ ಮುಗಿದ ಮೇಲೆ ಮಾಂಡಿಲ್ ಊರಿಗೆ ಮರಳಿ ಸ್ಟುಡಿಯೋ ತೆರೆದ, ರೆಫಿಕ್‌ನನ್ನೂ ಕರೆಸಿಕೊಂಡು ಮನೆಯಲ್ಲಿಟ್ಟುಕೊಂಡು ಕೆಲಸ ಕಲಿಸಿದ. ಆಮೇಲೆ ಮಾಂಡಿಲ್ ಸಂಸಾರ ಇಸ್ರೇಲಿಗೆ ಹೋಯಿತು. 1987ರಲ್ಲಿ, ಗಾವ್ರಾ ಬರೆದುಕೊಟ್ಟ ಪತ್ರದಿಂದಾಗಿ, ನಾಜಿಗಳು ಕೊಂದ ಯಹೂದಿಗಳ ನೆನಪು ಕಾಯುವ ಜೆರುಸಲೇಮಿನ ಯಾದ್ ವಶೇಮ್ ಸಂಸ್ಥೆ ರೆಫಿಕ್ ಮತ್ತು ಅವನ ಅಪ್ಪ ಅಮ್ಮನನ್ನು ಗೌರವಿಸಿತು.

ಇವರಿಗೆ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿತ್ತು, ಊರು ಗೊತ್ತಿತ್ತು. ಎಷ್ಟೋ ಮನೆಗಳಲ್ಲಿ ಅದೂ ಇರಲಿಲ್ಲ. ಅಡಗಿಸಿಡುವುದು ಅಂದರೆ ಮೊದಲು ಹೆಸರು ಬದಲಿಸುವುದು. ಸೋದರಮಾವನ ಮಗ ಅಂತಲೋ ದೂರದ ನೆಂಟ ಅಂತಲೋ ನೆರೆಯವರಿಗೆ ಹೇಳುವುದು. ಆ ಸುಳ್ಳು ಹೆಸರೇ ಮನೆಯಲ್ಲಿ ಉಳಿಯಿತು. ಸಾಲದ್ದಕ್ಕೆ ಯುದ್ಧದ ನಂತರ ಅಲ್ಬೇನಿಯಾವನ್ನು ಆಳಿದ ಕಮ್ಯುನಿಸ್ಟ್ ನಾಯಕ ಎನ್ವರ್ ಹೋಜಾನ ಸರ್ಕಾರ ದೇಶದ ಬಾಗಿಲನ್ನೇ ಮುಚ್ಚಿತು. ಹೊರಗಿನವರ ಜತೆ ಪತ್ರ ವ್ಯವಹಾರ ಇಟ್ಟುಕೊಂಡರೆ ಸರ್ಕಾರದ ಕಣ್ಣು ಬೀಳುತ್ತಿತ್ತು. 1990ರ ಸುಮಾರಿಗೆ ಬಾಗಿಲು ತೆರೆಯುವಷ್ಟರಲ್ಲಿ ಮನೆಯ ಹಿರಿಯರು ಎಷ್ಟೋ ಜನ ಹೋಗಿಬಿಟ್ಟಿದ್ದರು. ನನಗೆ ತುಂಬಾ ಸಂಕಟವಾಗುವುದು ಇಲ್ಲೇ.

ಹಾಗಾದರೆ ಈಗ ಹುಡುಕುವುದು ಹೇಗೆ? ಜರ್ಮನಿಯ ಬಾದ್ ಆರೋಲ್ಸೆನ್ ಊರಿನಲ್ಲಿ ಒಂದು ದೊಡ್ಡ ದಾಖಲೆ ಭಂಡಾರ ಇದೆ. ನಾಜಿಗಳ ಕಾಟಕ್ಕೆ ಸಿಕ್ಕಿದವರು ಸೇರಿದಂತೆ ಸುಮಾರು 1 ಕೋಟಿ 75 ಲಕ್ಷ ಜನರ ವಿವರ ಅಲ್ಲಿದೆ. ವಿಚಾರಿಸಿದರೆ ದುಡ್ಡು ಕೇಳುವುದಿಲ್ಲ. ಮನೆಯಲ್ಲಿ ಅಡಗಿದ್ದವರ ಹೆಸರು ನಾಜಿಗಳ ಸೆರೆ ಕ್ಯಾಂಪುಗಳ ಪಟ್ಟಿಯಲ್ಲಿ ಸಿಗದೇ ಹೋಗಬಹುದು, ಅದಕ್ಕೇ ಯುದ್ಧದ ನಂತರದ ನಿರಾಶ್ರಿತರ ಅರ್ಜಿಗಳನ್ನು ನೋಡಬೇಕು. ಹಿಂದಿನ ವರ್ಷಗಳಲ್ಲಿ ಎಲ್ಲೆಲ್ಲಿ ಇದ್ದಿರಿ, ಮುಂದೆ ಯಾವ ದೇಶಕ್ಕೆ ಹೋಗುತ್ತೀರಿ ಅಂತ ಅದರಲ್ಲಿ ಕೇಳುತ್ತಿದ್ದರು. ಹೆಸರು ಮರೆತಿದ್ದರೂ ಊರಿನ ಜಾಡು ಹಿಡಿಯಬಹುದು.

ಇನ್ನೊಂದು ದಾರಿ ನನಗೆ ಬಹಳ ಮುಖ್ಯ ಅನಿಸುತ್ತದೆ. ನಾಜಿಗಳ ಕೈಯಲ್ಲಿ ಸತ್ತವರ ಹೆಸರಿನಲ್ಲಿ ಬಂಧುಗಳು ಯಾದ್ ವಶೇಮ್‌ಗೆ ಒಂದೊಂದು ಹಾಳೆ ತುಂಬಿಕೊಟ್ಟಿದ್ದಾರೆ. ಮೇಲೆ ಸತ್ತವರ ವಿವರ. ಕೆಳಗೆ ಹಾಳೆ ತುಂಬಿದವರ ಹೆಸರು, ವಿಳಾಸ, ಸಂಬಂಧ. ಅಂದರೆ ತಾಯಿಗಾಗಿ ಹಾಳೆ ತುಂಬಿದ ಮಗಳು ಬದುಕಿ ಉಳಿದಿದ್ದಳು ಅಂತ ಆಯಿತಲ್ಲ! ಮದುವೆಯಾಗಿ ಹೆಸರು ಬದಲಾಗಿರಬಹುದು, ಇಸ್ರೇಲಿಗೆ ಹೋದ ಮೇಲೆ ಹೀಬ್ರೂ ಹೆಸರು ಇಟ್ಟುಕೊಂಡಿರಬಹುದು. ಆದರೆ ಸತ್ತ ತಾಯಿಯ ಹೆಸರು ಬದಲಾಗುವುದಿಲ್ಲ.

ಸಿಕ್ಕರೆ ಮೊದಲ ಕಾಗದ ಚಿಕ್ಕದಾಗಿರಲಿ. ಓದುವವರು ಮೊಮ್ಮಕ್ಕಳಾಗಿರಬಹುದು, ಅಜ್ಜಿ ಆ ದಿನಗಳ ಬಗ್ಗೆ ಬಾಯಿಬಿಟ್ಟೇ ಇರಲಿಕ್ಕಿಲ್ಲ. ಊರಿನ ಹೆಸರು, ವರ್ಷ, ಮನೆಯಲ್ಲಿ ಯಾರ್‍ಯಾರಿದ್ದರು ಅನ್ನುವುದು, ಒಂದು ಹಳೆಯ ಫೋಟೋದ ಪ್ರತಿ, ಇಷ್ಟು ಸಾಕು. ಮಿಕ್ಕಿದ್ದನ್ನು ಅವರೇ ಕೇಳಲಿ. ನಮಸ್ಕಾರ.