ಮೊಳೆ ಹೊಡೆಯದೆ ಹಡಗು ಕಟ್ಟಿದವರು

(ಪರದೆಯ ಮೇಲೆ: ಹಲಗೆಯ ತೂತುಗಳಲ್ಲಿ ಹಗ್ಗ ಎಳೆಯುತ್ತಿರುವ ಕೈಗಳು)

ನಮಸ್ಕಾರ. ನಿಮ್ಮಲ್ಲೊಬ್ಬರು ಕೇಳಿದ್ರಿ: "ನಮ್ಮೋರಿಗೆ ಕಬ್ಬಿಣ ಗೊತ್ತಿತ್ತಲ್ಲ, ಮತ್ತೆ ಹಡಗನ್ನ ಹಗ್ಗದಲ್ಲಿ ಯಾಕೆ ಹೊಲಿದ್ರು?" ಆವತ್ತಿಂದ ನಾನು ಇದರ ಹಿಂದೇನೇ ಬಿದ್ದಿದ್ದೀನಿ.

ಹಗ್ಗದಲ್ಲಿ ಬಿಗಿಯೋ ವಿದ್ಯೆ ತುಂಬಾ ಹಳೇದು. ಈಜಿಪ್ಟಲ್ಲಿ ಖುಫು ದೊರೆಯ ಪಿರಮಿಡ್ ಪಕ್ಕ 1954ರಲ್ಲಿ ಒಂದು ದೋಣಿ ಸಿಕ್ತು. ಸುಮಾರು 4,500 ವರ್ಷ ಹಳೇದು, 43 ಮೀಟರ್ ಉದ್ದ, 1,224 ಬಿಡಿ ತುಂಡುಗಳು. ಅದನ್ನೂ ಹಗ್ಗದಲ್ಲೇ ಬಿಗಿದಿದ್ರು. ಇರಲಿ, ನಮ್ಮ ಅರಬ್ಬಿ ಸಮುದ್ರಕ್ಕೆ ಬರೋಣ.

ಇಲ್ಲಿ ಎಲ್ಲ ಶುರುವಾಗೋದು ತೆಂಗಿನ ಸಿಪ್ಪೆಯಿಂದ. ತಿಂಗಳುಗಟ್ಟಲೆ ಹಿನ್ನೀರಲ್ಲಿ ನೆನೆಹಾಕಿ, ಬಡಿದು, ನಾರು ಬಿಡಿಸಿ ಹುರಿ ಮಾಡಿದ್ರೆ ಕತ್ತದ ಹಗ್ಗ. ಉಪ್ಪುನೀರನ್ನ ಇದು ಚೆನ್ನಾಗಿ ತಡ್ಕೊಳ್ಳತ್ತೆ. ಹಲಗೆಗಳನ್ನ ಅಂಚಿಗೆ ಅಂಚು ಕೂರಿಸಿ, ಉದ್ದಕ್ಕೂ ತೂತು ಕೊರೆದು, ಸಂದಿಯ ಮೇಲೆ ನಾರಿನ ದಿಂಡು ಇಟ್ಟು, ಒಳಗೊಬ್ಬ ಹೊರಗೊಬ್ಬ ನಿಂತು ಬಿಗಿಯಾಗಿ ಹೊಲೀತಾರೆ. ತೂತುಗಳನ್ನ ನಾರು, ಅಂಟು ತುಂಬಿ ಮುಚ್ಚಿ, ಮೀನೆಣ್ಣೆ ಬಳೀತಾರೆ. ಮೊದಲು ಹಡಗಿನ ಒಡಲು, ಪಕ್ಕೆಲುಬು ಕೂರಿಸೋದು ಆಮೇಲೆ.

ಅಜ್ಜಿ ಹೊಲಿದ ಕೌದಿ ನೆನಪಿಸ್ಕೊಳ್ಳಿ. ಎಷ್ಟೊಂದು ತುಂಡು, ಆದ್ರೂ ಒಂದೇ ಹೊದಿಕೆ! ಮೈ ಹೊರಳಿದ ಕಡೆ ತಾನೂ ಹೊರಳತ್ತೆ. ಒಂದು ಕಡೆ ದಾರ ಸವೆದ್ರೆ ಅಷ್ಟು ಜಾಗ ಮಾತ್ರ ಮತ್ತೆ ಹೊಲಿದ್ರೆ ಆಯ್ತು. ಹೊಲಿಗೆಯ ಹಡಗೂ ಹಾಗೇನೇ. ಬಂದರುಕಟ್ಟೆ ಇಲ್ಲದ ತೀರದಲ್ಲಿ, ಅಲೆ ಹೊಡೆಯೋವಾಗ ಮರಳಿಗೆ ಬಂದು ಕುಕ್ಕಬೇಕು. ಮೊಳೆ ಹೊಡೆದ ಹಲಗೆ ಅಲುಗೋ ಹಾಗಿಲ್ಲ. ಪೆಟ್ಟು ಜೋರಾದ್ರೆ ಮೊಳೆಯ ಸುತ್ತಲೇ ಸೀಳತ್ತೆ. ಹೊಲಿಗೆ ಒಂಚೂರು ಸಡಿಲಿಸಿ, ಆ ಪೆಟ್ಟನ್ನ ಇಡೀ ಒಡಲಿಗೆ ಹಂಚಿಬಿಡತ್ತೆ. ಮೇಲಾಗಿ ಉಪ್ಪುನೀರಲ್ಲಿ ಕಬ್ಬಿಣಕ್ಕೆ ತುಕ್ಕು ಬೇರೆ. ಕಬ್ಬಿಣ ಇದ್ದೂ ಹಗ್ಗ ಹಿಡಿದಿದ್ದು ಬುದ್ಧಿವಂತಿಕೆ, ಬಡತನ ಅಲ್ಲ.

13ನೇ ಶತಮಾನದಲ್ಲಿ ಮಾರ್ಕೋ ಪೋಲೋ ಹೊರ್ಮುಜ್‌ನಲ್ಲಿ ಇಂಥ ಹಡಗು ನೋಡಿ, ಇವು ಕಳಪೆ, ಅಪಾಯ ಅಂತ ಹೇಳಿದ. ನಾನು ಒಪ್ಪಲ್ಲ. ಇಂಡೋನೇಷ್ಯಾದ ಬೆಲಿಟುಂಗ್ ದ್ವೀಪದ ಹತ್ತಿರ 1998ರಲ್ಲಿ 9ನೇ ಶತಮಾನದ ಹೊಲಿಗೆ ಹಡಗು ಸಿಕ್ತು. ಒಳಗೆ ಸುಮಾರು 60,000 ಚೀನೀ ಮಡಿಕೆ, ಬಟ್ಟಲುಗಳು! ಅದು ಮುಳುಗಿತ್ತು, ನಿಜ. ಆದ್ರೆ ಅಷ್ಟು ಭಾರ ಹೊತ್ತು ಅಲ್ಲೀತನಕ ಬಂದಿತ್ತಲ್ಲ!

ಸಮಯ ಕಮ್ಮಿ ಇದೆ, ಬೇಗ ಹೇಳ್ಬಿಡ್ತೀನಿ. ಮೆಡಿಟರೇನಿಯನ್‌ನ ಫಿನೀಷಿಯನ್ನರು ಹಲಗೆಯ ದಪ್ಪದೊಳಗೆ ಕಿಂಡಿ ಕೊರೆದು, ಮರದ ನಾಲಗೆ ಕೂರಿಸಿ, ಗೂಟ ಹೊಡೆಯೋರು. ಪೆಸಿಫಿಕ್‌ನಲ್ಲಿ ಪಾಲಿನೇಷಿಯಾದ ಜನ ಹೊಲಿದಿದ್ದು ಮತ್ತೆ ಅದೇ ತೆಂಗಿನ ನಾರಲ್ಲಿ!

(ಪರದೆಯ ಮೇಲೆ: ಅಜಂತಾ ಚಿತ್ರದ ಹಡಗು)

ಕೊನೆಗೊಂದು ಖುಷಿಯ ವಿಷಯ. 5ನೇ ಶತಮಾನದ ಈ ಚಿತ್ರ ನೋಡಿಕೊಂಡು, ಗೋವಾದಲ್ಲಿ ಕೇರಳದ ಕುಶಲಕರ್ಮಿಗಳು ಹೊಲಿದ ಹಡಗು 'ಕೌಂಡಿನ್ಯ'. 2025ರ ಮೇ ತಿಂಗಳಲ್ಲಿ ನೌಕಾಪಡೆಗೆ ಸೇರಿದ್ದು ನಮ್ಮ ಕಾರವಾರದಲ್ಲಿ. ಡಿಸೆಂಬರ್‌ನಲ್ಲಿ ಪೋರಬಂದರ್ ಬಿಟ್ಟು, ಗಾಳಿ ನಂಬ್ಕೊಂಡು ಹೊರಟು, ಜನವರಿಯಲ್ಲಿ ಮಸ್ಕತ್ ಮುಟ್ತು. ಅದರ ಹಾಯಿಯ ಮೇಲೆ ಏನಿದೆ ಗೊತ್ತಾ? ನಮ್ಮ ಗಂಡಭೇರುಂಡ.