ಹೊಳೆಯುವುದು ಯಾವಾಗ?

ಕೇಳುಗರಿಗೆ ನಮಸ್ಕಾರ. ಹೊಸ ಲೇಪನವೊಂದು ಪೇಟೆಂಟಿಗೆ ಅರ್ಹವೋ, ಇಲ್ಲ ಯಾರಿಗಾದರೂ ಹೊಳೆಯುವಂಥದ್ದೋ ಎಂಬುದು ಇಂದಿನ ಮಾತು. ಜೆಟ್ ಎಂಜಿನ್ನಿನ ಟರ್ಬೈನ್ ಅಲಗು, ತನ್ನ ಲೋಹವನ್ನೇ ಕರಗಿಸಬಲ್ಲಷ್ಟು ಬಿಸಿ ಅನಿಲದ ನಡುವೆ ತಿರುಗುತ್ತದೆ. ಅದನ್ನು ಕಾಯುವುದು ಒಳಗೆ ಹರಿಯುವ ತಂಪುಗಾಳಿ ಮತ್ತು ಮೈಮೇಲಿನ ತೆಳುವಾದ ಸೆರಾಮಿಕ್ ಲೇಪನ. ಹಲವು ಬಿಡಿಭಾಗಗಳಿಗೆ ಈ ಲೇಪನ ಕೂರಿಸುವುದು ಪ್ಲಾಸ್ಮಾ, ಅಂದರೆ ವಿದ್ಯುತ್ತಿನಿಂದ ಅತಿಯಾಗಿ ಕಾದ ಅನಿಲ, ಉಗುಳುವ ಗನ್ನಿನಿಂದ. ಜಿರ್ಕೋನಿಯಾ ಎಂಬ ಸೆರಾಮಿಕ್ಕಿನ ಪುಡಿ ಪ್ಲಾಸ್ಮಾದಲ್ಲಿ ಕರಗಿ, ಹನಿಹನಿಯಾಗಿ ಲೋಹಕ್ಕೆ ಅಪ್ಪಳಿಸಿ, ಚಪ್ಪಟೆಯಾಗಿ ಪದರುಗಟ್ಟುತ್ತದೆ.

ಗನ್ನಿನ ದೂರ, ವಿದ್ಯುತ್ತು, ಅನಿಲದ ಮಿಶ್ರಣ, ಪುಡಿಯ ಕಣಗಾತ್ರ, ಇವುಗಳಲ್ಲಿ ಒಂದನ್ನು ಬದಲಿಸಿ ಯಾರೋ ಪೇಟೆಂಟ್ ಕೇಳುತ್ತಾರೆ. ಕಸುಬು ಬಲ್ಲ ಯಾರಿಗಾದರೂ ಇದು ಹೊಳೆಯುತ್ತಿತ್ತು, ಹಾಗಾಗಿ ಪೇಟೆಂಟ್ ಸಲ್ಲದು ಎಂದು ಎದುರಾಳಿ ವಾದಿಸುತ್ತಾನೆ. ಜಗಳ ಶುರುವಾಗುವುದು ಇಲ್ಲೇ.

ಅಮೆರಿಕದ ಸುಪ್ರೀಂ ಕೋರ್ಟ್ 1966ರ ಗ್ರಹಾಂ ಪ್ರಕರಣದಲ್ಲಿ ಅಳತೆಗೋಲು ಕೊಟ್ಟಿತು: ಹಿಂದೆ ಏನಿತ್ತು, ಹೊಸದಕ್ಕೂ ಅದಕ್ಕೂ ಏನು ವ್ಯತ್ಯಾಸ, ಆ ಕಸುಬಿನ ಸಾಮಾನ್ಯ ಕುಶಲಿಗೆ ಎಷ್ಟು ತಿಳಿದಿತ್ತು. 2007ರ ಕೆಎಸ್‌ಆರ್ ತೀರ್ಪು ಆ ಕುಶಲಿಗೂ ಸ್ವಂತ ಬುದ್ಧಿ ಇದೆಯೆಂದು ಒಪ್ಪಿತು. 2003ರ ಪೀಟರ್ಸನ್ ಪ್ರಕರಣ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ನಿಕ್ಕಲ್ ಮಿಶ್ರಲೋಹದಲ್ಲಿ ಹಳೆಯ ಪೇಟೆಂಟ್ ರೀನಿಯಂ ಎಂಬ ಲೋಹ 0ಯಿಂದ 7 ಶೇಕಡಾ ಎಂದಿತ್ತು, ಹೊಸಬರು ಸುಮಾರು 1ರಿಂದ 3 ಶೇಕಡಾ ಕೇಳಿದರು. ಅದು ಹಳೆಯ ವ್ಯಾಪ್ತಿಯೊಳಗೇ ಇದ್ದುದರಿಂದ ಅನಿರೀಕ್ಷಿತ ಫಲ ತೋರಿಸಬೇಕಿತ್ತು; ತಾವು ಕೇಳಿದ ಇಡೀ ವ್ಯಾಪ್ತಿಗೆ ಅದನ್ನು ತೋರಿಸಲಾಗದೆ ಸೋತರು. ಈ ತೀರ್ಪು ಸರಿಯೆಂದೇ ನನ್ನ ಅಭಿಪ್ರಾಯ.

ಆದರೆ ಜಿರ್ಕೋನಿಯಾದ ಕಥೆ ನೋಡಿ. ಬಿಸಿಯೇರಿ ಆರುವಾಗ ಅದರ ಹರಳಿನ ರೂಪ ಬದಲಾಗಿ, ಗಾತ್ರ ಹಿಗ್ಗಿ, ಬಿರುಕು ಬಿಡುತ್ತದೆ. ತಡೆಯಲು ಇಟ್ರಿಯಾ, ಅಂದರೆ ಇಟ್ರಿಯಂ ಲೋಹದ ಆಕ್ಸೈಡ್, ಬೆರೆಸಬೇಕು. ಧಾರಾಳವಾಗಿ ಬೆರೆಸಿ ಪೂರ್ತಿ ಸ್ಥಿರಗೊಳಿಸಿದರೆ ಒಳ್ಳೆಯದು ಎನಿಸುವುದು ಸಹಜ. ನಾಸಾದಲ್ಲಿ ಮೊದಲು 12 ಶೇಕಡಾ ಬಳಸಿದ್ದೂ ಉಂಟು. 1970ರ ದಶಕದ ಕೊನೆಗೆ ಅಲ್ಲಿನ ಸ್ಟೆಫನ್ ಸ್ಟೆಕುರಾ ಪರೀಕ್ಷಿಸಿದಾಗ ಹೆಚ್ಚು ಬಾಳಿದ್ದು 6ರಿಂದ 8 ಶೇಕಡಾದ್ದು! ಇಂದು ಆ ಅಂಕಿ ವಿದ್ಯಾರ್ಥಿಗೂ ಗೊತ್ತು. ಗೊತ್ತಾದ ಮೇಲೆ ಎಲ್ಲವೂ ಸುಲಭ, ಅದೇ ನನ್ನ ಆತಂಕ.

ರಂಧ್ರಗಳದ್ದೂ ಹಾಗೆಯೇ. ಸವೆತ, ತುಕ್ಕು ತಡೆಯುವ ಲೇಪನದಲ್ಲಿ ರಂಧ್ರ ದೋಷ. ಉಷ್ಣ ತಡೆಯುವ ಲೇಪನದಲ್ಲಿ ಅದೇ ರಂಧ್ರ ಶಾಖಕ್ಕೆ ಅಡ್ಡ ನಿಂತು, ಹಿಗ್ಗು-ಕುಗ್ಗಿಗೂ ಎಡೆ ಕೊಡುತ್ತದೆ. ದಟ್ಟವಾಗಿಸಿ ಎನ್ನುವ ಹಳೆಯ ದಾಖಲೆಯನ್ನು ಓದಿ ಯಾರಾದರೂ ರಂಧ್ರ ಹೆಚ್ಚಿಸಲು ಹೊರಡುತ್ತಿದ್ದರೇ?

ಆದ್ದರಿಂದ ಇಂಥ ವ್ಯಾಜ್ಯದಲ್ಲಿ ನಾನು ಮೊದಲು ಹುಡುಕುವುದು ಹೋಲಿಕೆಯ ಪರೀಕ್ಷೆಯನ್ನು. ತೀರ ಹತ್ತಿರದ ಹಳೆಯ ಲೇಪನವನ್ನೂ ಹೊಸದನ್ನೂ ಒಂದೇ ಲೋಹದ ಮೇಲೆ, ಒಂದೇ ಅಂಟುಪದರದ ಮೇಲೆ ಕೂರಿಸಿ, ಒಂದೇ ಕುಲುಮೆಯಲ್ಲಿ ಕಾಯಿಸಿ ಆರಿಸಿ, ಯಾವುದು ಎಷ್ಟನೇ ಸುತ್ತಿಗೆ ಕಿತ್ತುಬಂತೆಂದು ಎಣಿಸಿರಬೇಕು.