34 ಇಂಚಿನ ಕಟ್ಟೆ, 4 ಅಡಿ 10 ಇಂಚಿನ ಅವ್ವ

ಹಾಂ, ಇದೇ ನಮ್ಮ ಅಡುಗೆಮನೆ. ಧೂಳು ನೋಡಿ ಗಾಬರಿ ಆಗಬೇಡಿ, ಇದು ಎರಡು ಸಲ ಒರೆಸಿದ ಮೇಲಿನ ಧೂಳು. ಹಳೇ ಟೈಲ್ಸ್ ಒಡೆದಿದ್ದು, ಪೈಪ್ ಹಾಕಿದ್ದು ಎಲ್ಲ ಈ ವಿಡಿಯೋದಲ್ಲಿ ಬೇಗ ಓಡಿಸಿ ತೋರಿಸ್ತಿದ್ದೇನೆ, ಅದರಲ್ಲಿ ಹೇಳೋದು ಏನೂ ಇಲ್ಲ. ಹೇಳೋದು ಇರೋದು ಈ ಕಟ್ಟೆ ಬಗ್ಗೆ.

ಕೆಲಸ ಶುರು ಮಾಡೋ ಮೊದಲು ನಾನು ಸಿಕ್ಕಾಪಟ್ಟೆ ವಿಡಿಯೋ ನೋಡಿದ್ದೆ. ಎಲ್ಲರೂ ಹೇಳೋದು ಒಂದೇ ಮಾತು, ತ್ರಿಕೋನ. ಒಲೆ, ಸಿಂಕ್, ಫ್ರಿಜ್ ಈ ಮೂರೂ ತ್ರಿಕೋನದಲ್ಲಿ ಇರಬೇಕು, ಒಂದರಿಂದ ಇನ್ನೊಂದಕ್ಕೆ 4 ಅಡಿಗಿಂತ ಕಡಿಮೆ ಬೇಡ, 9 ಅಡಿಗಿಂತ ಜಾಸ್ತಿ ಬೇಡ. ನಾನು ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಹಾಕಿದೆ, ನಡೆದು ನೋಡಿದೆ, ಮನೆಯವರಿಂದ ಬೈಸಿಕೊಂಡೆ, ಎಲ್ಲ ಆಯ್ತು. ಆದರೆ ಒಂದನ್ನೂ ನಾನು ನಿಂತ ಜಾಗದಿಂದ ಮೇಲಕ್ಕೆ ಅಳೆಯಲಿಲ್ಲ. ಬರೀ ಅಡ್ಡ ಅಳತೆ.

ಗೌಂಡಿ ಬಂದರು, 34 ಇಂಚಿಗೆ ಗುರುತು ಹಾಕಿದರು. "ಇಷ್ಟು ಯಾಕ್ರಿ?" ಅಂದೆ. "ಅಕ್ಕಾರ, ಎಲ್ಲಾರ ಮನ್ಯಾಗೂ ಇಷ್ಟ ಇರ್ತೈತ್ರಿ" ಅಂದರು. ನಾನು 5 ಅಡಿ 5 ಇಂಚು, ನನಗೆ ಸರಿ ಅನ್ನಿಸ್ತು. ಆ 34 ಬರೀ ಸ್ಲ್ಯಾಬಿನ ಲೆಕ್ಕ ಅಂತ ಆಮೇಲೆ ಗೊತ್ತಾಯ್ತು. ಅದರ ಮೇಲೆ ಸಿಮೆಂಟು, ಅದರ ಮೇಲೆ ಗ್ರಾನೈಟ್, ಕೊನೆಗೆ ಟೇಪ್ ಹಿಡಿದರೆ 35 ಮುಕ್ಕಾಲು.

ಮತ್ತೆ ನಮ್ಮ ಮನೇಲಿ ರೊಟ್ಟಿ ಬಡಿಯೋದು ನಾನಲ್ಲ, ಅವ್ವ.

ಅವ್ವ ಬಂದು ಕಟ್ಟೆ ಮುಂದೆ ನಿಂತಳು. ಕೈ ಮೇಲಿಟ್ಟಳು. ಭುಜ ಕಿವಿ ಹತ್ರ ಹೋಯ್ತು. "ಇದರ ಮ್ಯಾಲ ರೊಟ್ಟಿ ಬಡೀಬೇಕಂದ್ರ ನನಗ ನಿಲ್ಲಾಕ ಒಂದು ಮಣಿ ಹಾಕಿಕೊಡವಾ" ಅಂದಳು. ನಾನು ನಕ್ಕೆ. ಅವಳು ನಗಲಿಲ್ಲ.

ಚಪಾತಿ ಆದರೆ ಹೇಗೋ ಲಟ್ಟಿಸಬಹುದು. ಜೋಳದ ರೊಟ್ಟಿ ಬಡಿಯೋಕೆ ಮೊಣಕೈ ಮೇಲಿರಬೇಕು, ಅಂಗೈ ಕೆಳಗೆ ಬೀಳಬೇಕು, ಭಾರ ಭುಜದಿಂದ ಇಳಿದು ಬರಬೇಕು. ತರಕಾರಿ ಹೆಚ್ಚೋಕೆ ಕಟ್ಟೆ ಮೊಣಕೈಗಿಂತ 4-5 ಇಂಚು ಕೆಳಗಿದ್ದರೆ ಸಾಕು, ನಾದೋಕೆ ಬಡಿಯೋಕೆ ಇನ್ನೂ ಕೆಳಗೆ ಬೇಕು. ಅವ್ವನ ಮೊಣಕೈ ಅಳೆದೆ, 36 ಇಂಚು. ಕಟ್ಟೆಗೂ ಮೊಣಕೈಗೂ ಕಾಲು ಇಂಚು ವ್ಯತ್ಯಾಸ! ಅಲ್ಲಿ ರೊಟ್ಟಿ ಬಡಿದರೆ ಅದು ರೊಟ್ಟಿ ಅಲ್ಲ, ಬಾಗಿಲು ಬಡಿದ ಹಾಗೆ.

ಬಾಗಲಕೋಟೆಯವರಿಗೆ ಎತ್ತರದ ಲೆಕ್ಕ ಹೇಳಿಕೊಡಬೇಕಾ? ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟ 519.60 ಮೀಟರ್ ಅಂದರೆ ಇಲ್ಲಿ ಚಿಕ್ಕ ಹುಡುಗರಿಗೂ ಗೊತ್ತು. 524.256ಕ್ಕೆ ಏರಿಸ್ತಾರಂತೆ ಅನ್ನೋ ಮಾತು ಚಹಾದಂಗಡೀಲಿ ದಿನಾ ಕೇಳ್ತೀವಿ. ನಮ್ಮದೂ ಆ ಹಿನ್ನೀರಿನ ಮುಳುಗಡೆ ಮನೆನೇ. ಹಳೇ ಊರಿನ ಮನೇಲಿ ಒಲೆ ನೆಲದ ಮೇಲಿತ್ತು, ಅವ್ವ ಕೂತುಕೊಂಡೇ ಬಡೀತಿದ್ದಳು, ಒಂದು ಕಾಲು ಮಡಚಿ, ಇನ್ನೊಂದು ಚಾಚಿ. ಆಗ ಯಾರೂ ಎತ್ತರ ಅಳೆದಿರಲಿಲ್ಲ. ಮುಳುಗಡೆಯವರಿಗೆ ಅಂತ ಕಟ್ಟಿದ ನವನಗರಕ್ಕೆ ಬಂದ ಮೇಲೆ ನಿಂತು ಅಡುಗೆ ಮಾಡೋದು ಬಂತು, ಅವಳ ಸೊಂಟ ನೋವೂ... ಅಯ್ಯೋ, ಈ ಶಾಟ್ ಮುಗೀತು, ಬನ್ನಿ ಬನ್ನಿ.

ಇದು ಒಡೆಯೋ ದಿನ. ಬಲಗಡೆ ಮೂರು ಅಡಿ ಮಾತ್ರ ಇಳಿಸೋಣ ಅಂದೆವು. ಗ್ರಾನೈಟ್ ಹುಷಾರಾಗಿ ಎತ್ತಿದರೆ ಅದನ್ನೇ ವಾಪಸ್ ಹಾಕಬಹುದು ಅಂದಿದ್ದರು. ಹುಷಾರಾಗೇ ಎತ್ತಿದರು ಪಾಪ. ಟಣ್ ಅಂತ ಎರಡಾಯ್ತು. ಒಡೆದು ಕಟ್ಟೋಕೆ 4,200 ರೂಪಾಯಿ, ಅದರ ಮೇಲೆ ಹೊಸ ಕಲ್ಲು. ಅಂಗಡಿಗೆ ಹೋದರೆ ಆ ಕಪ್ಪು ಲಾಟ್ ಮುಗಿದಿತ್ತು, ಬೇರೆ ಕಪ್ಪು ತಂದರೆ ಮ್ಯಾಚ್ ಆಗಲ್ಲ, ಆರು ಚದರ ಅಡಿಗೆ ಪೂರ್ತಿ ಸ್ಲ್ಯಾಬ್ ತಗೋಬೇಕಂತೆ. ತಗೋತೀನಾ ನಾನು? ಮೂಲೇಲಿ ಇಳಕಲ್ಲಿನ ಕೆಂಪು ಗ್ರಾನೈಟ್ ತುಂಡೊಂದು ಬಿದ್ದಿತ್ತು. 900 ರೂಪಾಯಿ. ಅಂಚಿನ ಪಾಲಿಶ್ ಬೇರೆ, ರನ್ನಿಂಗ್ ಫೂಟ್ ಲೆಕ್ಕ, ಅಂದರೆ ಅಂಚಿನ ಉದ್ದದ ಒಂದೊಂದು ಅಡಿಗೂ ದುಡ್ಡು. ಕಲ್ಲಿಗಿಂತ ಪಾಲಿಶ್ ಜಾಸ್ತಿ ಆಯ್ತು, ಇದನ್ನ ಯಾವ ವಿಡಿಯೋದವರೂ ಹೇಳಲ್ಲ ಕಣ್ರೀ. ಸಿಂಕಿಗೆ ತೂತು ಕೊರೆದಿದ್ದಕ್ಕೂ ಬೇರೆ ದುಡ್ಡು.

ಹಾಕಿದ ದಿನ ನಾನು ಅಳೋದೊಂದು ಬಾಕಿ. ಕಪ್ಪು ಕಟ್ಟೆ ಪಕ್ಕ ಕೆಂಪು ಮೆಟ್ಟಿಲು ಇಟ್ಟ ಹಾಗಿತ್ತು. ಈಗ ನೋಡಿದರೆ... ಚಂದ ಇದೆ ಅಲ್ವಾ? ನಮ್ಮ ಬೋರಿನ ನೀರಿಗೆ ಕಪ್ಪಿನ ಮೇಲೆ ಬಿಳಿ ಕಲೆ ಎದ್ದು ಕಾಣ್ತದೆ, ಕೆಂಪಿನ ಮೇಲೆ ಏನೂ ಕಾಣಲ್ಲ. ಪೂರ್ತಿ ಕೆಂಪೇ ಹಾಕಬೇಕಿತ್ತು.

ಈ ತಗ್ಗು ಕಟ್ಟೆ ಕಲ್ಲು ಸೇರಿ 28 ಇಂಚು. ಬಡಿಯೋದು ಇಲ್ಲಿ, ಹಂಚು ಮೇಲಿನ ಕಟ್ಟೆ ಮೇಲೆ ಅಂದರೆ ಪ್ರತಿ ರೊಟ್ಟೀನೂ ಎತ್ತಿ ಹಾಕಬೇಕು, ಹಾಗಾಗಿ ಒಂದೇ ಬರ್ನರ್ ಇರೋ ಸಣ್ಣ ಸ್ಟವ್ ಇಲ್ಲೇ ಇಟ್ಟಿದ್ದೇವೆ. ಸ್ಟವ್ ಯಾವಾಗಲೂ ಸಿಲಿಂಡರಿಗಿಂತ ಮೇಲಿರಬೇಕು, ಅದಕ್ಕೇ ಟೇಪ್ ಹಿಡಿದು ನೋಡಿಯೇ ಇಟ್ಟಿದ್ದು. ಸಿಲಿಂಡರ್ ಇರೋ ಕಪಾಟಿನ ಬಾಗಿಲಿಗೆ ಕೆಳಗಡೆ ಜಾಲಿ ಇದೆ ನೋಡಿ. ಬಡಿಗೇರು ಮೇಲೆ ಇಡೋಣ, ಚಂದ ಕಾಣ್ತದೆ ಅಂದಿದ್ದರು. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ನಿಲ್ತದೆ, ಮೇಲೆ ಜಾಲಿ ಇಟ್ಟು ಏನು ಮಾಡೋದು? ಆ ವಿಷಯದಲ್ಲಿ ನಾನು ಜಗ್ಗಲಿಲ್ಲ. ಸಿಂಕಿನ ಕೆಳಗೆ ಐಎಸ್ 710 ಮುದ್ರೆ ಇರೋ, ಅಂದರೆ ನೀರು ತಡೆಯೋ ಪ್ಲೈವುಡ್ ಹಾಕಿಸಿದ್ದು, ಬೇರೆ ಕಡೆ ಸ್ವಲ್ಪ ಅಗ್ಗದ್ದು. ಚಿಮಣಿ ಬೇಡ ಅಂದಿದ್ದೆ, ಒಗ್ಗರಣೆ ಘಾಟಿಗೆ ಮೊನ್ನೆ ಮನಸ್ಸು ಬದಲಾಯ್ತು, ಅದಿನ್ನೂ ಬರಬೇಕು.

ತಗ್ಗು ಕಟ್ಟೆ ಕೆಳಗೆ ಡ್ರಾಯರ್ ಇಲ್ಲ, ಸುಮ್ನೆ ಖಾಲಿ ಬಿಟ್ಟಿದ್ದೇವೆ. ಅಲ್ಲಿ ಹಿಟ್ಟಿನ ಡಬ್ಬಿ. ಅವ್ವ ಬಗ್ಗಿ ಒಂದು ಬೊಗಸೆ ತಗೋತಾಳೆ, ನಾದ್ತಾಳೆ, ಬಡೀತಾಳೆ, ಹಂಚಿಗೆ ಹಾಕ್ತಾಳೆ, ಒದ್ದೆ ಬಟ್ಟೆಯಿಂದ ನೀರು ಸವರ್ತಾಳೆ. ಒಂದು ಹೆಜ್ಜೆ ಕೂಡ ಆಕಡೆ ಈಕಡೆ ಇಡಲ್ಲ. ನನ್ನ ತ್ರಿಕೋನ ಅವಳಿಗೆ ಬೇಕಾಗೇ ಇಲ್ಲ! ಈ ಸದ್ದು ಕೇಳಿ, ಇದಕ್ಕೆ ಮ್ಯೂಸಿಕ್ ಹಾಕಲ್ಲ ನಾನು.

...ಉಬ್ಬಿತು ನೋಡಿ.

"ಹೆಂಗೈತವಾ?" ಅಂದೆ. "ಕಟ್ಟಿ ಚಲೋ ಐತಿ, ಜ್ವಾಳದ ಚೀಲ ಎಲ್ಲಿ ಇಡೂದು?" ಅಂದಳು.

ಅದಕ್ಕೆ ನನ್ನ ಪ್ಲಾನಿನಲ್ಲಿ ಜಾಗವೇ ಇಲ್ಲ. ಮಸಾಲೆ ಬಾಟಲಿಗೆ ಎಳೆಯೋ ರ‍್ಯಾಕು ಮಾಡಿಸಿದ್ದೇನೆ, ಚಮಚಕ್ಕೆ ಖಾನೆ ಖಾನೆ ಟ್ರೇ ತಂದಿದ್ದೇನೆ, ಎರಡು ಚೀಲ ಜೋಳ ಮರೆತಿದ್ದೇನೆ. ಇಗೋ, ಸೋಫಾ ಪಕ್ಕ ಇವೆ, ಮೇಲೆ ಬೆಡ್‌ಶೀಟ್ ಹೊದಿಸಿದ್ದೇನೆ. ನಿನ್ನೆ ಬಂದ ನೆಂಟರು ಅದರ ಮೇಲೇ ಕೂತು ಚಹಾ ಕುಡಿದು ಹೋದರು.